ಕಂಪಾಸ್ ಬಾಕ್ಸಿನ ಮಾತ್ರೆಗಳು

ಗುರುವಾರ ಮಧ್ಯಾಹ್ನ, ಹೊರರೋಗಿಗಳ ಗಲಾಟೆ ಮುಗಿದ ಮೇಲೆ, ಕಾರಿಡಾರಿನ ಆ ತುದಿಯಿಂದ ಒಂದು ಸದ್ದು ಬರುತ್ತಿತ್ತು. ತಗಡಿನ ಕಂಪಾಸ್ ಬಾಕ್ಸಿನೊಳಗೆ ಸಣ್ಣ ಸಣ್ಣದೇನೋ ಅಲುಗಾಡುವ ಸದ್ದು. ಗಿಲಕಿಯಷ್ಟು ಜೋರಲ್ಲ. ಅದನ್ನು ಅಡಗಿಸಲೆಂದೇ ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ನಡೆಯುತ್ತಿದ್ದಾಳೆ ಎಂದು ಗೊತ್ತಾಗುವಷ್ಟು ಮೆಲ್ಲಗೆ. ನಾನು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಳ್ಳುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಮೇ ಐ ಕಮ್ ಇನ್, ಟೀಚರ್?" ನನ್ನನ್ನು ಖುಷಿಪಡಿಸಲು ಆ ಒಂದು ಇಂಗ್ಲಿಷ್ ವಾಕ್ಯ.

ಬಾಕ್ಸಿನಲ್ಲಿದ್ದದ್ದು ಫಿಟ್ಸಿನ ಮಾತ್ರೆಗಳು. ಕೈವಾರ, ಡಿವೈಡರ್ ಎಲ್ಲ ತೆಗೆದುಹಾಕಿ ಅವಳು ಅದನ್ನು ಮಾತ್ರೆಗಳ ಮನೆ ಮಾಡಿಕೊಂಡಿದ್ದಳು. ಔಷಧದ ಕೌಂಟರಿನಲ್ಲಿ ಕೊಟ್ಟ ಸ್ಟ್ರಿಪ್ಪುಗಳನ್ನು ನನ್ನ ಮೇಜಿನ ಮೇಲೆಯೇ ಒಂದೊಂದಾಗಿ ಒತ್ತಿ, ಬಿಡಿಸಿ, ತುಂಬಿಸಿ, ಮೇಲೆ ಪ್ರೊಟ್ರಾಕ್ಟರ್ ಮುಚ್ಚಿ, ಖಾಲಿ ಸ್ಟ್ರಿಪ್ಪುಗಳನ್ನು ನನ್ನ ಕಸದ ಬುಟ್ಟಿಗೆ ಹಾಕುತ್ತಿದ್ದಳು.

"ಹೀಗೆ ಬಿಡಿಸಿಟ್ಟರೆ ಮಾತ್ರೆ ಹಾಳಾಗ್ತದೆ ಮಗಾ."

"ಸ್ಟ್ರಿಪ್ಪಿನಲ್ಲಿ ಹೆಸರು ಇರ್ತದಲ್ಲ ಟೀಚರ್. ಹಾಸ್ಟೆಲಿನವರು ಮೊಬೈಲಿನಲ್ಲಿ ಹೊಡೆದು ನೋಡ್ತಾರೆ. ಆಮೇಲೆ ನನ್ನ ಪಕ್ಕದ ಮಂಚ ಖಾಲಿ."

ಬಂಟ್ವಾಳ ತಾಲೂಕಿನ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ, ಹದಿಹರೆಯದವರಿಗೆಂದು ಮೀಸಲಿಟ್ಟ ಕೋಣೆಯಲ್ಲಿ ನಾನು ವಾರಕ್ಕೊಮ್ಮೆ ಕೂರುತ್ತಿದ್ದೆ. ಅರ್ಧ ಕೋಣೆ ನನಗೆ, ಉಳಿದ ಅರ್ಧ ಲಸಿಕೆಯ ಐಸ್ ಪೆಟ್ಟಿಗೆಗಳಿಗೆ. ಶಾಲೆಯಿಂದ ನಿವೃತ್ತಳಾದ ಇಂಗ್ಲಿಷ್ ಟೀಚರನ್ನು ಆನರರಿ ಕೌನ್ಸೆಲರ್ ಎಂದು ಕರೆದು ಕುರ್ಚಿ ಕೊಟ್ಟಿದ್ದರು. ಮೊದಲ ದಿನವೇ ನಾನು ಮಕ್ಕಳಿಗೆ ಹೇಳುತ್ತಿದ್ದ ನಿಯಮ ಒಂದೇ: ಈ ಬಾಗಿಲಿನ ಹೊರಗೆ ಎಲ್ಲಿ ಸಿಕ್ಕಿದರೂ ನಾನು ನಿಮ್ಮನ್ನು ಕಂಡೇ ಇಲ್ಲ. ಬಸ್ಸಿನಲ್ಲಾಗಲಿ, ಮದುವೆಯಲ್ಲಾಗಲಿ, ನೀವಾಗಿ ಮಾತಾಡಿಸಿದರೆ ಮಾತ್ರ ನನಗೆ ನಿಮ್ಮ ಗುರುತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ಕಲಿಸಿದ್ದರಲ್ಲಿ ನನಗೆ ಉಳಿದದ್ದು ಮೇಜಿನ ಮ್ಯಾನರ್ಸ್ ಮತ್ತು ಬಾಯಿ ಮುಚ್ಚಿಕೊಂಡಿರುವುದು.

ಈ ಹುಡುಗಿಗೆ ಹದಿನೇಳು ತುಂಬುವುದರಲ್ಲಿತ್ತು. ಮನೆ ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಕಡೆ. ಓದು ಮತ್ತು ಹಾಸ್ಟೆಲ್ ಮೂಡಬಿದಿರೆಯಲ್ಲಿ. ಮಾತ್ರೆ ಬಂಟ್ವಾಳದಲ್ಲಿ. ಇದು ಅನುಕೂಲಕ್ಕೆ ಮಾಡಿದ ಏರ್ಪಾಡಲ್ಲ, ಅನನುಕೂಲಕ್ಕೇ ಮಾಡಿದ್ದು. ನಮ್ಮ ಕಡೆ ಹೇಳಿಕೊಳ್ಳಲಾಗದ ಕಾಯಿಲೆ ಇದ್ದವರು ಪಕ್ಕದ ತಾಲೂಕಿಗೆ ಹೋಗುತ್ತಾರೆ. ಆ ತಾಲೂಕಿನವರು ಈಚೆ ಬರುತ್ತಾರೆ. ಎಷ್ಟೋ ಸಲ ಎರಡು ಬಸ್ಸುಗಳು ಪುಂಜಾಲಕಟ್ಟೆಯಲ್ಲಿ ಎದುರುಬದುರಾಗುತ್ತವೆ, ಎರಡರಲ್ಲೂ ಇಂಥವರೇ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿರುತ್ತಾರೆ. ಈ ದಾರಿಯನ್ನು ಹುಡುಕಿದವಳು ಅವಳ ತಾಯಿ. ಬೀಡಿ ಕಟ್ಟುವ ಹೆಂಗಸು, ಗಂಡ ಇಲ್ಲ. ಮಗಳು ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ಬಿದ್ದಾಗ ಬಾಯಿಯ ನೊರೆ ಒರೆಸಿ, ಉಪವಾಸ ಮಾಡಿ ತಲೆ ತಿರುಗಿದ್ದು ಎಂದು ನೆರೆಮನೆಗೆ ಹೇಳಿ, ಮರುದಿನ ಇಲ್ಲಿಗೆ ಕರೆತಂದವಳು.

ಮಾತ್ರೆ ಸರಿಯಾಗಿ ತಿಂದರೆ ಅವಳು ಬೀಳುತ್ತಿರಲಿಲ್ಲ. ವಿಷಯ ಅಷ್ಟು ಸರಳ. ಬೀಳದಿದ್ದರೆ ಪಿಯುಸಿ, ಆಮೇಲೆ ನರ್ಸಿಂಗ್. ಬಿದ್ದರೆ ಮನೆ. ಇದು ಅವಳದ್ದೇ ಲೆಕ್ಕ, ನನ್ನದಲ್ಲ.

ತೊಂದರೆ ಏನೆಂದರೆ ನಮ್ಮ ಕೌಂಟರಿನಲ್ಲಿ ಆ ಮಾತ್ರೆ ಆಗಾಗ ಇರುತ್ತಿರಲಿಲ್ಲ. "ನೋ ಸ್ಟಾಕ್ ಟೀಚರೇ, ನೀವು ಬೆತ್ತ ಹಿಡಿದು ಕೇಳಿದರೂ ನೋ ಸ್ಟಾಕ್" ಎಂದು ಫಾರ್ಮಸಿಯವರು ನಗುತ್ತಿದ್ದರು. ಆಗ ತಾಯಿ ಹೊರಗೆ ಕೊಳ್ಳಬೇಕು. ಅಂಥ ಹೊತ್ತಿನಲ್ಲೇ ಸರಕಾರದ ಒಂದು ಹೊಸ ಯೋಜನೆ ಬಂತು. ಕಷ್ಟದಲ್ಲಿರುವ ಹದಿಹರೆಯದವರಿಗೆ ಮಾತ್ರೆ, ಹಾಸ್ಟೆಲ್ ಖರ್ಚು, ಬಸ್ ಪಾಸ್, ಎಲ್ಲ ಒಂದೇ ಕಡೆಯಿಂದ. ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳು, ಮೂರೂ ಇಲಾಖೆಗಳ ಮಾಹಿತಿ ಒಂದೇ ಸಿಸ್ಟಮ್ಮಿನಲ್ಲಿ. ಪ್ರಯೋಗಕ್ಕೆ ಮೂರು ತಾಲೂಕು: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ.

ತರಬೇತಿಯ ದಿನ ಗೋಳಿಬಜೆ, ಚಾ, ಪ್ರೊಜೆಕ್ಟರ್ ಎಲ್ಲ ಇತ್ತು. ಬೆಂಗಳೂರಿನಿಂದ ಬಂದ ಚುರುಕಿನ ಹುಡುಗ ಪರದೆಯ ಮೇಲೆ ಬಾಣಗಳನ್ನು ಓಡಿಸಿ ತೋರಿಸಿದ. "ಮಗು ಎಲ್ಲೇ ಹೋದ್ರೂ ಸಪೋರ್ಟ್ ಅದರ ಹಿಂದೇನೇ ಹೋಗುತ್ತೆ, ಮೇಡಂ. ಸೀಮ್‌ಲೆಸ್."

ನಾನು ಕೈ ಎತ್ತಿದೆ. "ಹಿಂದೆ ಬರುವುದೇ ಬೇಡ ಎನ್ನುವ ಮಕ್ಕಳೂ ಇದ್ದಾರಲ್ಲ? ಯಾರು ಯಾರು ಇದನ್ನು ನೋಡಬಹುದು?"

"ಆಥರೈಸ್ಡ್ ಪರ್ಸನ್ಸ್ ಮಾತ್ರ ಮೇಡಂ."

"ನಮ್ಮಲ್ಲಿ ಆಥರೈಸ್ಡ್ ಪರ್ಸನ್ ಎಂದರೆ ಯಾರದ್ದಾದರೂ ಚಿಕ್ಕಮ್ಮ ಆಗಿರ್ತಾಳೆ, ಮೈ ಡಿಯರ್."

ಸಭೆಗೆ ಸಭೆಯೇ ನಕ್ಕಿತು. ಅವನೂ ನಕ್ಕು, ಪಾಯಿಂಟ್ ನೋಟ್ ಮಾಡಿಕೊಂಡೆ ಎಂದ. ಅಲ್ಲಿಗೆ ಮುಗಿಯಿತು. ನಾನು ಕೇಳಿದ್ದನ್ನೂ ಅವನು ಹೇಳಿದ್ದನ್ನೂ ತಾಯಿಗೆ ಹಾಗೆಹಾಗೆಯೇ ತುಳುವಿನಲ್ಲಿ ತಿಳಿಸಿದೆ. ನನಗೆ ಹೆದರಿಕೆ ಉಂಟು ಎಂದೂ ಹೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಹೆದರಿಕೆ ನನಗೂ ಉಂಟು ಟೀಚರಮ್ಮ. ಆದರೆ ಮಾತ್ರೆ ತಪ್ಪುವ ಹೆದರಿಕೆ ಅದಕ್ಕಿಂತ ದೊಡ್ಡದು" ಎಂದು ಸಹಿ ಹಾಕಿದಳು.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಮಾತ್ರೆ ತಪ್ಪಲಿಲ್ಲ. ಹಾಸ್ಟೆಲಿನ ಬಾಕಿ ಬಗೆಹರಿಯಿತು. ಬಸ್ ಪಾಸನ್ನು ಅವಳು ನನಗೆ ಫೋಟೋ ಸಮೇತ ತೋರಿಸಿ, "ಟೀಚರ್, ಇದರಲ್ಲಿ ನಾನು ಕಳ್ಳಿಯ ಹಾಗೆ ಕಾಣ್ತೇನೆ" ಎಂದು ನಗಿಸಿದಳು.

ಆಮೇಲೆ ಒಂದು ಗುರುವಾರ ಕಂಪಾಸ್ ಬಾಕ್ಸಿನ ಸದ್ದು ಕೇಳಲಿಲ್ಲ.

ಆಗಿದ್ದೇನೆಂದು ಗೊತ್ತಾದದ್ದು ಅವಳ ಊರಿನ ಆಶಾ ಕಾರ್ಯಕರ್ತೆಯ ಫೋನಿನಿಂದ. ದಾಖಲೆಯಲ್ಲಿದ್ದ ನನ್ನ ನಂಬರಿಗೆ ಅಳುತ್ತ ಮಾಡಿದ್ದಳು. ಸಿಸ್ಟಮ್ಮು ಹುಡುಗಿಯ ಮನೆ ಬೆಳ್ತಂಗಡಿ ತಾಲೂಕು ಎಂದು ಗುರುತಿಸಿ, ಅವಳ ಮಾತ್ರೆಯನ್ನು ಊರಿನ ಹತ್ತಿರದ ಕೇಂದ್ರಕ್ಕೆ ತಾನಾಗಿಯೇ ವರ್ಗ ಮಾಡಿತ್ತು. ಮನೆಗೆ ಹೋಗಿ ಮೊದಲ ಮಾತ್ರೆ ಮುಟ್ಟಿಸಿ ಬರಬೇಕೆಂದು ಆಶಾಳ ಮೊಬೈಲಿಗೆ ಸೂಚನೆ ಬಂದಿತ್ತು.

"ನಾನು ಎರಡು ಸಲ ಹೋದೆ ಟೀಚರ್, ಬೀಗ. ಹಗಲಲ್ಲಿ ಯಾರೂ ಇಲ್ಲ. ಮೊಬೈಲು ದಿನಾ ಕೆಂಪು ತೋರಿಸ್ತದೆ, ಬಾಕಿ ಬಾಕಿ ಅಂತ. ಹಾಗಾಗಿ ತಂಬಿಲದ ದಿನ ಹೋದದ್ದು. ಆ ದಿನ ಎಲ್ಲರೂ ಇರ್ತಾರಲ್ಲ?"

ತಂಬಿಲ ಎಂದರೆ ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ಸಲ್ಲಿಸುವ ಸೇವೆ. ಎಲ್ಲೆಲ್ಲಿ ಹಂಚಿಹೋದವರೂ ಆ ದಿನ ಕುಟುಂಬದ ದೊಡ್ಡ ಮನೆಗೆ ಬಂದು ಸೇರುತ್ತಾರೆ. ದಾಖಲೆಯಲ್ಲಿ ಇದ್ದದ್ದೂ ಆ ಮನೆಯ ಹೆಸರೇ. ತಾಯಿ ಮಗಳು ಇರುವುದು ಅಲ್ಲಿಂದ ಕೆಳಗೆ, ಗದ್ದೆಯ ಆಚೆ ಎರಡು ಕೋಣೆಯ ಮನೆಯಲ್ಲಿ. ಆದರೆ ನಮ್ಮವರು ವಿಳಾಸ ಕೇಳಿದರೆ ಹೇಳುವುದು ಕುಟುಂಬದ ಮನೆಯ ಹೆಸರನ್ನು, ಅಲ್ಲಿ ತಮಗೊಂದು ಮೂಲೆ ಇಲ್ಲದಿದ್ದರೂ.

ಆಶಾ ಪಾಪ, ಮಿಂದು ಮಡಿಯುಟ್ಟು ಹೋಗಿದ್ದಳು. "ಬರಿಗೈಯಲ್ಲಿ ಹೋಗುವುದು ಬೇಡ ಅಂತ ಒಂದು ಬುಟ್ಟಿ ಕೇಪುಳ ಹೂ ತಗೊಂಡು ಹೋದೆ ಟೀಚರ್. ಆ ಮನೆಯ ದೊಡ್ಡಮ್ಮನ ಕೈಗೆ ಹೂ ಕೊಟ್ಟೆ, ಮಾತ್ರೆಯೂ ಕೊಟ್ಟೆ. ಹುಡುಗಿಯ ಫಿಟ್ಸಿನ ಮಾತ್ರೆ ಇನ್ನು ಇಲ್ಲೇ ಸಿಗ್ತದೆ ದೊಡ್ಡಮ್ಮ, ಬಂಟ್ವಾಳಕ್ಕೆ ಓಡುವುದು ಬೇಡ ಅಂದೆ. ಒಳ್ಳೆ ಸುದ್ದಿ ಅಂತಲೇ ಹೇಳಿದ್ದು ಟೀಚರ್, ದೇವರಾಣೆ."

ಅಂಗಳದಲ್ಲಿ ಕುಟುಂಬದವರೆಲ್ಲ ನಿಂತಿದ್ದರಂತೆ. ಹುಡುಗಿ ಊಟದ ಬಾಳೆಎಲೆಗಳನ್ನು ತೊಳೆಯುತ್ತಿದ್ದಳಂತೆ. ತೊಳೆಯುವುದನ್ನು ನಿಲ್ಲಿಸಲಿಲ್ಲವಂತೆ.

ಆಶಾಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಪರದೆಯ ಮೇಲೆ ಬಾಣ ಹೇಗೆ ಓಡಿತ್ತೋ ಎಲ್ಲ ಹಾಗೆಯೇ ಓಡಿತ್ತು.

ಮರುದಿನದಿಂದ ನಾನು ಆ ವರ್ಗವನ್ನು ರದ್ದು ಮಾಡಿಸಲು ತಿರುಗಿದೆ. ನಮ್ಮ ಫಾರ್ಮಸಿಯವರು ಅವಳ ನಂಬರ್ ಹೊಡೆದು ನೋಡಿ ತಲೆಯಾಡಿಸಿದರು. ಕೌಂಟರಿನ ಕಪಾಟಿನಲ್ಲಿ ಮಾತ್ರೆ ಕಣ್ಣಿಗೆ ಕಾಣುತ್ತಿತ್ತು. "ಈಗ ಸ್ಟಾಕ್ ಉಂಟು ಟೀಚರೇ, ಅವಳು ಮಾತ್ರ ಇಲ್ಲ. ನಮ್ಮ ಕೇಂದ್ರದಲ್ಲಿ ಅವಳೇ ಇಲ್ಲ." ಈ ಸಲ ಅವರು ನಗಲಿಲ್ಲ. ಬಂಟ್ವಾಳದ ಕಚೇರಿಯವರು ಬೆಳ್ತಂಗಡಿಯವರು ಬಿಟ್ಟುಕೊಡಬೇಕು ಎಂದರು. ಬೆಳ್ತಂಗಡಿಯವರು, "ನಾವು ಬಿಡ್ತೇವೆ ಮೇಡಂ, ಆದರೆ ವಿಳಾಸ ಬದಲಾದರೆ ಮಾತ್ರ ಬಿಡುವ ಬಟನ್ ಬರ್ತದೆ" ಎಂದರು. ಓದುವುದು ಮೂಡಬಿದಿರೆಯಲ್ಲಿ ಅಲ್ಲವೇ, ಹಾಸ್ಟೆಲಿನ ವಿಳಾಸ ಹಾಕುವ ಎಂದು ಅಲ್ಲಿಗೆ ಹೋದೆ. ಅಲ್ಲಿನ ಆಪರೇಟರ್ ಹುಡುಗಿ ಒಳ್ಳೆಯವಳು, ನನಗೆ ನೀರು ಕೊಟ್ಟು, ಫ್ಯಾನಿನ ಕೆಳಗೆ ಕೂರಿಸಿ, ಎಲ್ಲ ತುಂಬಿಸಿದಳು. ಕೊನೆಯಲ್ಲಿ ಪೋಷಕರ ಮೊಬೈಲಿಗೆ ಓಟಿಪಿ ಹೋಯಿತು.

ಪೋಷಕರ ಮೊಬೈಲ್ ಎಂದು ದಾಖಲಾಗಿದ್ದದ್ದು ತಾಯಿಯದ್ದಲ್ಲ. ಶಾಲೆಗೆ ಸೇರಿಸುವಾಗಲೇ ತಾಯಿಯ ಅಣ್ಣನ ನಂಬರ್ ಕೊಟ್ಟಿದ್ದರು. ಇಲ್ಲಿ ಸೋದರಮಾವನೇ ಹಿರಿಯ. ಅವನು ಮಸ್ಕತ್ತಿನಲ್ಲಿದ್ದರೂ, ನಂಬರ್ ಕೇಳಿದಲ್ಲೆಲ್ಲ ಕೊಡುವುದು ಅವನದ್ದನ್ನೇ. ಶಿಕ್ಷಣ ಇಲಾಖೆಯಿಂದ ಅದೇ ನಂಬರ್ ಸಿಸ್ಟಮ್ಮಿಗೆ ಹರಿದು ಬಂದಿತ್ತು.

ನಾನು ಅಲ್ಲಿಂದ ಏಳುವ ಮೊದಲೇ ನನ್ನ ಫೋನಿಗೆ ವಾಟ್ಸಾಪ್ ಕರೆ ಬಂತು.

"ನಮಸ್ಕಾರ ಟೀಚರ್. ತಂಗಿಯ ಹತ್ತಿರ ನಿಮ್ಮ ನಂಬರ್ ತಗೊಂಡೆ. ನಿಮ್ಮ ಓಟಿಪಿ ನನಗೆ ಬಂದಿದೆ. ನಾನು ಕೊಡುವುದಿಲ್ಲ. ಕೋಪ ಮಾಡ್ಬೇಡಿ."

ಗಟ್ಟಿ ದನಿಯಲ್ಲ, ಆಯಾಸದ ದನಿ. ಹಿಂದೆ ಏನೋ ಯಂತ್ರ ಓಡುತ್ತಿತ್ತು.

"ಕೋಪ ಇಲ್ಲ. ಅವಳಿಗೆ ಮಾತ್ರೆ ತಪ್ಪಬಾರದು, ಅಷ್ಟೇ" ಎಂದೆ.

"ಮಾತ್ರೆಯ ವಿಷಯ ಆಮೇಲೆ ನೋಡುವ. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದ್ದಾರೆ, ದೈವಕ್ಕೆ ಒಂದು ಹರಕೆ ಬಾಕಿ ಉಂಟಂತೆ. ಅದು ಮುಗಿಯಲಿ. ಅಲ್ಲಿವರೆಗೆ ಅವಳು ಮನೆಯಲ್ಲೇ ಇರಲಿ."

"ಹರಕೆಯನ್ನೂ ತೀರಿಸಿ, ಮಾತ್ರೆಯನ್ನೂ ಕೊಡಿ. ಎರಡಕ್ಕೂ ಜಗಳ ಎಂತದು?"

"ಟೀಚರ್, ಹಾಸ್ಟೆಲಿನ ಬಾತ್‌ರೂಮಿನಲ್ಲಿ ಬಿದ್ದರೆ ಯಾರು ಜವಾಬ್ದಾರಿ? ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟರು. ನಾನು ಅವಳ ಮಾವ ಅಲ್ಲವಾ? ನಿಮಗೆ ಗುರುವಾರ ಮಾತ್ರ ಅವಳು. ಉಳಿದ ಎಲ್ಲ ದಿನ ನಮಗೆ."

ಎಷ್ಟೋ ತಂದೆತಾಯಿಗಳ ಜೊತೆ ವಾದಿಸಿ ಗೆದ್ದವಳು ನಾನು. ಆದರೆ ಅವನಿಗೆ ಅವಳ ಮೇಲೆ ಪ್ರೀತಿ ಇತ್ತು, ಅದು ಕೇಳಿಸುತ್ತಿತ್ತು. ಅದೇ ಕಷ್ಟ.

ಕೊನೆಗೆ ತಾಯಿ ಮಗಳು ಒಟ್ಟಿಗೆ ಬಂದರು. ಧರ್ಮಸ್ಥಳಕ್ಕೆ ಹೋಗಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ, ನಿಜವಾಗಿಯೂ ಮೊದಲು ಅಲ್ಲಿಗೆ ಹೋಗಿ, ಕೈಮುಗಿದು, ಅಲ್ಲಿಂದ ನಮ್ಮಲ್ಲಿಗೆ. ಸುಳ್ಳಾಗಬಾರದು ಎಂದು. ಹುಡುಗಿಯ ಹಣೆಯಲ್ಲಿ ಗಂಧವಿತ್ತು. ಹಾಸ್ಟೆಲಿನಿಂದ ಹಾಸಿಗೆ, ಟ್ರಂಕು ಆಗಲೇ ಮನೆಗೆ ಬಂದಿದ್ದವು.

ನನ್ನ ಮುಂದೆ ಉಳಿದಿದ್ದದ್ದು ಒಂದೇ ದಾರಿ. ಚಿಕಿತ್ಸೆ ತಪ್ಪಿಸುತ್ತಿದ್ದಾರೆ, ಓದು ಬಿಡಿಸಿದ್ದಾರೆ ಎಂದು ಮಕ್ಕಳ ರಕ್ಷಣೆಯವರಿಗೆ ನಾನು ಬರೆದು ಕೊಡಬಹುದು. ಆಗ ಅವಳಿಗೆ ಹಾಸ್ಟೆಲೂ ಮಾತ್ರೆಯೂ ಸರಕಾರದ ಹೊಣೆ. ಕಾಗದವನ್ನು ಅರ್ಧ ಬರೆದೂ ಇಟ್ಟಿದ್ದೆ. ಅದನ್ನು ಅವಳಿಗೆ ಓದಿ ಹೇಳಿದೆ.

"ಬರೆದರೆ ಎಂತ ಆಗ್ತದೆ ಟೀಚರ್?"

"ವಿಚಾರಿಸಲು ಮನೆಗೆ ಬರ್ತಾರೆ."

"ಜೀಪಿನಲ್ಲಾ?"

"ಹೌದು ಮಗಾ, ಜೀಪಿನಲ್ಲೇ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಕಿಟಕಿಯ ಆಚೆ ನೋಡುತ್ತಿದ್ದಳು. "ಮೊದಲು ಹೂ ತಗೊಂಡು ಬಂದರು. ಇನ್ನು ಜೀಪು ತಗೊಂಡು ಬರ್ತಾರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹೆಸರು ತೆಗೀರಿ ಟೀಚರ್. ಎಲ್ಲದರಿಂದ. ಅಮ್ಮನೂ ನಾನೂ ಬಸ್ಸಿನಲ್ಲಿ ಮಾತಾಡಿಕೊಂಡೇ ಬಂದದ್ದು."

"ತೆಗೆದರೆ ಹಾಸ್ಟೆಲೂ ಇಲ್ಲ, ಮಾತ್ರೆಯೂ ಇಲ್ಲ. ಈಗ ಕೌಂಟರಿನಲ್ಲೂ ನಂಬರ್ ಇಲ್ಲದೆ ಕೊಡುವುದಿಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು. ಹೆಸರು ಇದ್ದರೆ ತಿಂಗಳು ತಿಂಗಳು ಯಾರಾದರೂ ಬಂದು ಅಂಗಳದಲ್ಲಿ ನಿಲ್ತಾರೆ. ಅವರು ಬಂದಾಗಲೆಲ್ಲ ಮಾವನಿಗೆ ಫೋನ್ ಹೋಗ್ತದೆ. ಯಾರೂ ಬಾರದಿದ್ದರೆ ನಿಧಾನಕ್ಕೆ ಎಲ್ಲರೂ ಮರೀತಾರೆ. ಆಗ ಅಮ್ಮ ಹೇಗಾದರೂ ಮಾತ್ರೆ ತರ್ತಾಳೆ."

ಅವಳು ಹೇಳುವುದು ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಇಷ್ಟು ದಿನ ಅವಳ ವಿಷಯದಲ್ಲಿ ಸಿಸ್ಟಮ್ಮು ತೀರ್ಮಾನಿಸಿತ್ತು, ಮಾವ ತೀರ್ಮಾನಿಸಿದ್ದ, ದೈವದ ಹೆಸರಿನಲ್ಲಿ ಯಾರೋ ತೀರ್ಮಾನಿಸಿದ್ದರು. ಅವಳಾಗಿ ಕೇಳಿದ್ದು ಇದೊಂದೇ. ಅರ್ಧ ಬರೆದ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿದೆ.

ಹೆಸರು ಅಳಿಸುವ ಬಟನ್ ಇರಲಿಲ್ಲ. ಒಪ್ಪಿಗೆ ಹಿಂದಕ್ಕೆ ಪಡೆಯುವುದು ಎಂದು ಒಂದಿತ್ತು. ಅದಕ್ಕೆ ಓಟಿಪಿ ಬೇಡ, ಸಹಿ ಹಾಕಿದ ತಾಯಿ ಎದುರಿಗೆ ಬಂದರೆ ಸಾಕು. ಸಹಾಯ ಪಡೆಯಲು ಅಷ್ಟೊಂದು ಬಾಗಿಲು, ಬಿಡಲು ಒಂದೇ ಸಹಿ. ಬಂಟ್ವಾಳದ ಕಚೇರಿಯ ಆಪರೇಟರ್ ಬಟನ್ ಒತ್ತಿದ. ಅವಳ ಹೆಸರಿದ್ದ ಸಾಲು ಬೂದು ಬಣ್ಣವಾಗಿ, ಆಮೇಲೆ ಪರದೆಯಿಂದಲೇ ಹೋಯಿತು. "ಇನ್ನು ನಿಮಗೂ ಕಾಣುವುದಿಲ್ಲ ಮೇಡಂ" ಎಂದ. ಯಾರು ಯಾರು ನೋಡಬಹುದು ಎಂದು ನಾನು ತರಬೇತಿಯಲ್ಲಿ ಕೇಳಿದ್ದೆನಲ್ಲ, ಆ ಪ್ರೈವಸಿ ಈಗ ಪರ್ಫೆಕ್ಟ್ ಆಗಿ ಕೆಲಸ ಮಾಡಿತು.

ಡಾಕ್ಟರ ಚೀಟಿ ಹಿಡಿದು ಹೊರಗಿನ ಅಂಗಡಿಯಿಂದ ನಾನೇ ತಂದ ಮಾತ್ರೆಗಳನ್ನು ಅವಳು ಎಂದಿನಂತೆ ನನ್ನ ಮೇಜಿನ ಮೇಲೆ ಬಿಡಿಸಿದಳು. ಟಿಕ್, ಟಿಕ್, ಟಿಕ್. ತಾಯಿಯೂ ಒಂದು ಸ್ಟ್ರಿಪ್ ತೆಗೆದುಕೊಂಡು ಒತ್ತಲು ಕುಳಿತಳು. ಬೀಡಿ ಕಟ್ಟಿ ಕಟ್ಟಿ ಚುರುಕಾದ ಬೆರಳು, ಮಗಳಿಗಿಂತ ಬೇಗ ಮುಗಿಸಿದಳು. "ಅಕ್ಕಿ ಡಬ್ಬದ ತಳದಲ್ಲಿ ಇಡ್ತೇನೆ" ಎಂದಳು. ಮುಗಿದಾಗ ಹೇಳಿ ಕಳುಹಿಸಿ ಎಂದೆ. ಆಗಲಿ ಎಂದರು. ಹೇಳಿ ಕಳುಹಿಸಲಿಲ್ಲ. ತಾಯಿಯ ಫೋನು ಕೆಲವು ವಾರ ರಿಂಗಾಗುತ್ತಿತ್ತು, ಆಮೇಲೆ ಸ್ವಿಚ್ ಆಫ್. ಅಳದಂಗಡಿಗೆ ಹೋಗಿ ಬರುವ ಎಂದು ಎಷ್ಟೋ ಸಲ ಹೊರಟೆ. ಯಾರೂ ಬಾರದಿರಲಿ ಎಂದು ಕೇಳಿಕೊಂಡವಳ ಅಂಗಳದಲ್ಲಿ ನಾನೇ ಹೋಗಿ ಹೇಗೆ ನಿಲ್ಲುವುದು? ಗುರುವಾರಗಳು ಬಂದವು. ಬೇರೆ ಮಕ್ಕಳು ಬಂದರು. ನನ್ನ ಕಿವಿ ಮಾತ್ರ ಕಾರಿಡಾರಿನ ಕಡೆಗೇ.

ಅವಳನ್ನು ನಾನು ಕೊನೆಯ ಬಾರಿ ನೋಡಿದ್ದು ಬೆಳ್ತಂಗಡಿಯ ಒಂದು ಬಟ್ಟೆ ಅಂಗಡಿಯಲ್ಲಿ, ಒಂದು ವರ್ಷ ಕಳೆದ ಮೇಲೆ. ಮದುವೆಯೊಂದಕ್ಕೆ ಸೀರೆ ಕೊಳ್ಳಲು ನನ್ನ ತಂಗಿಯ ಮಗಳು ಎಳೆದುಕೊಂಡು ಹೋಗಿದ್ದಳು. ಮಹಡಿ ಹತ್ತಿ ಉಸಿರು ತೆಗೆಯುತ್ತ ನೋಡಿದರೆ, ಬಿಳಿ ಹಾಸಿನ ಆಚೆ, ಅಂಗಡಿಯ ನೀಲಿ ಚೂಡಿದಾರದಲ್ಲಿ ಅವಳು. ದಪ್ಪವಾಗಿದ್ದಳು ಸ್ವಲ್ಪ. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು, ಹೊಸತು, ಇನ್ನೂ ಕೆಂಪಗೆ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಯಾರಿಗೆ ಸೀರೆ?"

ಅಮ್ಮ ಎಂದಳು. ಟೀಚರ್ ಎನ್ನಲಿಲ್ಲ.

ನಿಯಮ ನನ್ನದೇ. ಅವಳು ಅದನ್ನು ಮರೆತಿರಲಿಲ್ಲ. ನಾನು ಕುಳಿತೆ. ಕೇಳಬೇಕಾಗಿದ್ದದ್ದು ಒಂದೇ ಮಾತು, ಮಾತ್ರೆ ತಿನ್ನುತ್ತಿದ್ದೀಯಾ ಎಂದು. ಅದನ್ನು ಕೇಳುವ ಹಾಗಿರಲಿಲ್ಲ. ತಂಗಿಯ ಮಗಳಿಗೆ ಯಾವ ನಿಯಮವೂ ಇರಲಿಲ್ಲ. "ಹಣೆಗೆ ಎಂತ ಆದದ್ದು ಮಾರಾಯ್ತಿ, ಇಷ್ಟು ಚಂದದ ಮುಖಕ್ಕೆ?" ಎಂದು ಕೇಳಿಯೇಬಿಟ್ಟಳು.

"ಬಾತ್‌ರೂಮಿನಲ್ಲಿ ಜಾರಿದ್ದು ಅಕ್ಕ."

ಹೇಳುವಾಗ ಅವಳು ನನ್ನನ್ನು ನೋಡಿದಳು. ಒಂದು ಕ್ಷಣ, ಅಷ್ಟೇ. ಆಮೇಲೆ ಕೂದಲನ್ನು ಹುಬ್ಬಿನ ಮೇಲೆ ಎಳೆದುಕೊಂಡು, ಹಸಿರು ಸೀರೆಯೊಂದನ್ನು ಬಿಡಿಸಿ ನನ್ನ ಮುಂದೆ ಹರಡಿದಳು.

"ಇದು ಬೇಡವಾ ಅಮ್ಮ? ಇನ್ನೊಂದು ತೋರಿಸಲಾ?"

"ತೋರಿಸು ಮಗಾ" ಎಂದೆ.

ಅವಳು ಇನ್ನೊಂದು ಬಿಡಿಸಿದಳು, ಮತ್ತೊಂದು ಬಿಡಿಸಿದಳು. ತಂಗಿಯ ಮಗಳು ಮೊದಲನೆಯದೇ ಆಗ್ತದೆ ಎಂದು ಎರಡು ಸಲ ಹೇಳಿ ಸುಸ್ತಾಗಿ ಎದ್ದುಹೋದಳು. ಕಪಾಟಿನ ಆ ಸಾಲು ಖಾಲಿಯಾಗುವವರೆಗೆ ನಾನು ತೋರಿಸು ಎನ್ನುತ್ತಲೇ ಇದ್ದೆ.